ಅಲ್ಗಾರ್ವ್ ಕರಾವಳಿಯಲ್ಲಿ ನೆಲೆಸೋಕೆ ಡಿ7 ವೀಸಾ: ನಮ್ಮ ಆದಾಯ ಸಾಲುತ್ತಾ?

ಕಡಲಹುಚ್ಚು:
ಪೋರ್ಚುಗಲ್‌ನ ದಕ್ಷಿಣ ಕರಾವಳಿ ಅಲ್ಗಾರ್ವ್‌ನಲ್ಲಿ, ಅದರಲ್ಲೂ ತವೀರಾ ಊರಲ್ಲೇ, ನೆಲೆಸಬೇಕು ಅಂತಿದೆ. ಗಂಡ-ಹೆಂಡತಿ ಇಬ್ಬರೇ. ಬೆಂಗಳೂರಿನ ಎರಡು ಮನೆಗಳಿಂದ ತಿಂಗಳಿಗೆ 1.1 ಲಕ್ಷ ಬಾಡಿಗೆ, ಎಫ್‌ಡಿ ಬಡ್ಡಿ 50 ಸಾವಿರ. ನನ್ನಾಕೆ ಮನೆಯಿಂದಲೇ ಇಲ್ಲಿನ ಕಂಪನಿಗೆ ಕೆಲಸ ಮಾಡ್ತಾಳೆ. ಆ ಸಂಬಳವನ್ನೂ ತೋರಿಸಬಹುದಾ?

ಕಾಗದಪತ್ರ:
ಡಿ7ಗೆ ಸಂಬಳ ಬೆರೆಸಬೇಡಿ. ಅದು ಬಾಡಿಗೆ, ಬಡ್ಡಿ, ಪಿಂಚಣಿ ಇರೋರಿಗೆ. ಸಂಬಳದ ಮೇಲೆ ಹೋಗೋರಿಗೆ ಡಿ8 ಇದೆ, ಆದರೆ ಅಲ್ಲಿನ ಕನಿಷ್ಠ ವೇತನದ ನಾಲ್ಕು ಪಟ್ಟು ತೋರಿಸಬೇಕು. ಡಿ7ಗೆ ಒಂದು ಪಟ್ಟು ಸಾಕು, ಸಂಗಾತಿಗೆ ಅದರರ್ಧ ಹೆಚ್ಚು. 2025ರ ಲೆಕ್ಕದಲ್ಲಿ 870 + 435, ಅಂದರೆ ತಿಂಗಳಿಗೆ 1,305 ಯೂರೋ. ಇದು ವರ್ಷ ವರ್ಷ ಏರುತ್ತೆ, ಅಂಚಿನಲ್ಲಿ ನಿಲ್ಲಬೇಡಿ. ಒಂದು ವರ್ಷದ ಮೊತ್ತ, 15,660 ಯೂರೋ, ಅಲ್ಲಿನ ಬ್ಯಾಂಕಿನಲ್ಲಿದ್ದರೆ ಅರ್ಜಿಗೆ ಬಲ.

ಮೊದಲು ನಿಫ್ (ತೆರಿಗೆ ಸಂಖ್ಯೆ), ಆಮೇಲೆ ಬ್ಯಾಂಕ್ ಖಾತೆ, ಆಮೇಲೆ ಮನೆ ಕರಾರು. ಪೊಲೀಸ್ ಕ್ಲಿಯರೆನ್ಸ್ ಕೊನೆಗೆ ತೆಗೆಸಿ. ಮೊದಲೇ ತೆಗೆಸಿಟ್ಟರೆ ವಿಎಫ್‌ಎಸ್ (ವೀಸಾ ಅರ್ಜಿ ತಗೊಳ್ಳೋ ಕೇಂದ್ರ) ದಿನಾಂಕ ಸಿಗೋ ಹೊತ್ತಿಗೆ ಹಳತಾಗಿರುತ್ತೆ. ಅದಕ್ಕೂ ಮದುವೆ ಪ್ರಮಾಣಪತ್ರಕ್ಕೂ ಅಪೊಸ್ಟಿಲ್ (ವಿದೇಶದಲ್ಲಿ ಒಪ್ಪೋ ಸರ್ಕಾರಿ ದೃಢೀಕರಣ) ಬೇಕು. ವೀಸಾ ನಾಲ್ಕೇ ತಿಂಗಳದ್ದು. ಅಲ್ಲಿಗೆ ಹೋದ ಮೇಲೆ ಐಮಾ (ಅಲ್ಲಿನ ವಲಸೆ ಇಲಾಖೆ) ಕಚೇರಿಯಲ್ಲಿ ಎರಡು ವರ್ಷದ ವಾಸದ ಕಾರ್ಡ್ ಮಾಡಿಸಬೇಕು. ಕಾರ್ಡ್ ಬಂತು ಅಂತ ಊರಿಗೆ ಬಂದು ಸತತ ಆರು ತಿಂಗಳು ಕೂತರೆ ಅದನ್ನು ರದ್ದು ಮಾಡಬಹುದು.

ಉಪ್ಪುಗಾಳಿ:
ಮನೆಯದ್ದೇ ದೊಡ್ಡ ತಲೆನೋವು. ಅಗ್ಗದ ಜಾಹೀರಾತು ಕಂಡರೆ ತಿಂಗಳುಗಳನ್ನ ಓದಿ: ಬಹಳಷ್ಟು ಅಕ್ಟೋಬರ್‌ನಿಂದ ಮೇವರೆಗಷ್ಟೇ. ಜೂನ್ ಬಂದರೆ ಪ್ರವಾಸಿಗಳಿಗೆ ವಾರದ ಲೆಕ್ಕದಲ್ಲಿ ಕೊಡ್ತಾರೆ, ನೀವು ಗಂಟುಮೂಟೆ ಕಟ್ಟಬೇಕು. ವೀಸಾಕ್ಕೆ ಹನ್ನೆರಡು ತಿಂಗಳ, ತೆರಿಗೆ ಇಲಾಖೆಯಲ್ಲಿ ನೋಂದಾಯಿಸಿದ ಕರಾರೇ ಬೇಕು. ನೋಂದಣಿಗೆ ಮಾಲೀಕ ಹಿಂದೇಟು ಹಾಕಿದರೆ ಅಲ್ಲಿಗೇ ಬಿಡಿ.

ಮನೆಯನ್ನ ಜನವರಿಯಲ್ಲಿ ನೋಡಿ. ಹಳೇ ಮನೆಗಳ ಗೋಡೆಗೆ ಶಾಖ ಹಿಡಿಯೋ ಪದರ ಇರಲ್ಲ, ಹೀಟರೂ ಇರಲ್ಲ. ಹೊರಗಿನ ಬಿಸಿಲಲ್ಲಿ ಹಿತ, ಒಳಗೆ ಸ್ವೆಟರ್. ವಾರ್ಡ್‌ರೋಬನ್ನ ಗೋಡೆಯಿಂದ ಒಂದು ಗೇಣು ಎಳೆದು ಹಿಂದೆ ಟಾರ್ಚ್ ಬಿಡಿ. ಕಪ್ಪು ಚುಕ್ಕೆ ಕಂಡರೆ ಬೂಷ್ಟು. ಹೊಸದಾಗಿ ಸುಣ್ಣ ಬಳಿದಿದ್ದರೆ ಇನ್ನೂ ಅನುಮಾನಪಡಿ. ಅಂದಹಾಗೆ, ಆಗಸ್ಟ್‌ನಲ್ಲೂ ಸಮುದ್ರದ ನೀರು ಸುಮಾರು 22 ಡಿಗ್ರಿ, ಪಶ್ಚಿಮಕ್ಕೆ ಸಾಗ್ರೆಸ್ ಕಡೆ ಇನ್ನೂ ತಣ್ಣಗೆ. ಮಲ್ಪೆ ಅಂದ್ಕೊಂಡು ಧುಮುಕಬೇಡಿ.

ಕಡಲಹುಚ್ಚು:
ಹಾಗಾದ್ರೆ ಜನವರಿಯಲ್ಲೇ ಒಂದು ತಿಂಗಳು ಇದ್ದು ನೋಡ್ತೀವಿ. 1.6 ಲಕ್ಷ ಅಂತೂ ಸಾಕಾಯ್ತಲ್ಲ?

ಲೆಕ್ಕದಪುಸ್ತಕ:
ಆತುರ ಬೇಡ ಸರ್. ನೀವು ಎನ್‌ಆರ್‌ಐ ಆದ ಮೇಲೆ ಬಾಡಿಗೆದಾರರು 31.2% ಟಿಡಿಎಸ್ ಹಿಡಿದೇ ಕೊಡಬೇಕು. 1.1 ಲಕ್ಷದಲ್ಲಿ ಕೈಗೆ ಬರೋದು ಸುಮಾರು 75,700. ಉಳಿತಾಯ ಖಾತೆಯನ್ನ ಎನ್‌ಆರ್‌ಒ (ಎನ್‌ಆರ್‌ಐಗಳ ಇಲ್ಲಿನ ಆದಾಯದ ಖಾತೆ) ಮಾಡಿಸಲೇಬೇಕು, ಆ ಖಾತೆಯ ಎಫ್‌ಡಿ ಬಡ್ಡಿಗೂ ಅದೇ ಕತ್ತರಿ. ಹೆಚ್ಚಾಗಿ ಹಿಡಿದದ್ದು ರಿಟರ್ನ್ ಹಾಕಿದ ಮೇಲೆ ವಾಪಸ್ ಬರುತ್ತೆ, ಆದರೆ ಅಲ್ಲಿ ತಿಂಗಳ ಬಾಡಿಗೆ ಅದಕ್ಕೆ ಕಾಯಲ್ಲ. ಕಡಿಮೆ ಟಿಡಿಎಸ್‌ಗೆ ಆದಾಯ ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ತಗೋಬಹುದು. ಬಡ್ಡಿಗೆ ಎರಡು ದೇಶಗಳ ತೆರಿಗೆ ಒಪ್ಪಂದದಲ್ಲಿ 10% ಮಿತಿ ಇದೆ, ಅದಕ್ಕೆ ನೀವು ಪೋರ್ಚುಗಲ್‌ನ ತೆರಿಗೆ ನಿವಾಸಿ ಅನ್ನೋ ಪ್ರಮಾಣಪತ್ರ ಬ್ಯಾಂಕಿಗೆ ಕೊಡಬೇಕು.

ಪೋರ್ಚುಗಲ್‌ನಲ್ಲಿ ವರ್ಷಕ್ಕೆ 183 ದಿನ ದಾಟಿದರೆ ಇಲ್ಲಿನ ಆದಾಯಾನೂ ಅಲ್ಲಿ ತೋರಿಸಬೇಕು. ಹೊಸಬರಿಗಿದ್ದ ಹಳೇ ಎನ್‌ಎಚ್‌ಆರ್ ತೆರಿಗೆ ರಿಯಾಯಿತಿ 2024ರಿಂದ ಮುಚ್ಚಿದೆ. ಹಳೇ ಯೂಟ್ಯೂಬ್ ವಿಡಿಯೋ ನೋಡಿ ಲೆಕ್ಕ ಹಾಕಬೇಡಿ.

ಕಾಗದಪತ್ರ:
ಭಾಷೆ ಈಗಲೇ ಶುರು ಮಾಡಿ, ಕಾಯಂ ವಾಸಕ್ಕೆ ಪೋರ್ಚುಗೀಸ್‌ನಲ್ಲಿ ಎ2 (ದಿನನಿತ್ಯದ ಸರಳ ಮಾತುಕತೆಯ) ಮಟ್ಟ ಬೇಕು. ಡುಯೊಲಿಂಗೊ ಕಲಿಸೋದು ಬ್ರೆಜಿಲ್ ಉಚ್ಚಾರಣೆ, ತವೀರಾದ ಅಂಗಡಿಯಲ್ಲಿ ಸ್ವರಗಳನ್ನೆಲ್ಲ ನುಂಗಿ ಮಾತಾಡ್ತಾರೆ. ಒಂದು ಪದ ನಿಮಗೆ ಆಗಲೇ ಗೊತ್ತು: ಬೀಗದ ಚಾವಿಗೆ ಅಲ್ಲಿ ‘ಶಾವ್’, ನಮ್ಮ ಚಾವಿ ಬಂದದ್ದೇ ಅವರಿಂದ.