ಚಂದ್ರನ ಕೋಡು, ಚಂದ್ರನ ಕಲೆ: ನಿಮ್ಮ ಕಡೆ ಏನಂತೀರಿ?

ಯುಗಾದಿಯ ಮಾರನೇ ದಿನ ಸಂಜೆ ಮಗಳ ಜೊತೆ ಕಾರವಾರದ ಕಡಲತೀರದಲ್ಲಿದ್ದೆ. ಸೂರ್ಯ ಮುಳುಗಿ ಅರ್ಧ ಗಂಟೆಯಾಗಿತ್ತು. ಬಿದಿಗೆ ಚಂದ್ರ ಉಗುರಿನ ತುದಿಯಷ್ಟು ಕಂಡ. "ಅಪ್ಪಾ, ಚಂದ್ರ ಎಂತಕ್ಕೆ ಮಲಗಿದ್ದಾನೆ?" ಅಂದಳು. ಅವಳ ಪುಸ್ತಕದಲ್ಲಿ ಅವನು ಕುಡುಗೋಲಿನ ಹಾಗೆ ನೆಟ್ಟಗೆ ನಿಂತಿರುತ್ತಾನೆ. ಇಲ್ಲಿ ಎರಡೂ ತುದಿ ಮೇಲೆ, ಹೊಟ್ಟೆ ಕೆಳಗೆ. ಥೇಟ್ ದೋಣಿ.

ಕಾರಣ ಕಷ್ಟದ್ದಲ್ಲ. ಚಂದ್ರನ ಬೆಳಗಿದ ಮೈ ಯಾವಾಗಲೂ ಸೂರ್ಯನ ಕಡೆಗೇ ಇರುತ್ತದೆ. ನಮ್ಮ ಊರು ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಮಾರ್ಚ್, ಏಪ್ರಿಲ್ ಸಂಜೆ ಎಳೆ ಚಂದ್ರ ಸೂರ್ಯ ಮುಳುಗಿದ ಜಾಗದ ಹೆಚ್ಚುಕಡಿಮೆ ನೇರ ಮೇಲೆ ಇರುತ್ತಾನೆ, ಹಾಗಾಗಿ ಬೆಳಕು ಅಡಿಯಿಂದ ಬೀಳುತ್ತದೆ. ಚೌತಿ ಹಬ್ಬದ ಹೊತ್ತಿಗೆ ಅವನು ತೆಂಕಕ್ಕೆ ಸರಿದಿರುತ್ತಾನೆ. ಆಗ ಬಡಗಣ ತುದಿ ಎದ್ದು ನಿಲ್ಲುತ್ತದೆ. (ಅದನ್ನು ನೋಡೋಣ ಅಂದರೆ ಚೌತಿ ಚಂದ್ರನನ್ನು ನೋಡಬಾರದು! ಮಳೆಮೋಡವೂ ಬಿಡುವುದಿಲ್ಲ ಅನ್ನಿ.) ಯುರೋಪಿನಂಥ ದೂರದ ಬಡಗಣ ನಾಡುಗಳಲ್ಲಿ ಓರೆ ಇನ್ನೂ ಜಾಸ್ತಿ. ಪುಸ್ತಕದ ಚಿತ್ರ ಅಲ್ಲಿಂದ ಬಂದದ್ದಿರಬೇಕು.

ಈಗ ಪದದ ವಿಷಯಕ್ಕೆ ಬರುತ್ತೇನೆ. ಈ ಮಲಗುವುದಕ್ಕೆ, ಓರೆಯಾಗುವುದಕ್ಕೆ ಏನನ್ನಬೇಕು? ಶಿರಸಿ ಕಡೆಯ ನಮ್ಮ ಅಜ್ಜ ಆ ತುದಿಗಳಿಗೆ ಕೋಡು ಅನ್ನುತ್ತಿದ್ದ. ಪ್ರತಿ ಯುಗಾದಿಗೂ ಅಂಗಳಕ್ಕೆ ಬಂದು, "ಈ ಸಲ ಯಾವ ಕೋಡು ಎತ್ತರ?" ಎಂದು ನೋಡಿ ಮಳೆ, ಅಡಿಕೆ ದರ ಎಲ್ಲ ಹೇಳುತ್ತಿದ್ದ. ದರ ಸರಿಹೋದದ್ದು ನನಗಂತೂ ನೆನಪಿಲ್ಲ. ಆದರೆ ಕೋಡು ವರ್ಷ ವರ್ಷ ಬದಲಾಗುವುದು ನಿಜ. ಚಂದ್ರ ಸೂರ್ಯನ ದಾರಿಯಿಂದ ಆಚೆ ಈಚೆ 5 ಡಿಗ್ರಿಯಷ್ಟು ಸರಿಯುತ್ತಾನೆ, ಅವನು ಆ ದಾರಿಯನ್ನು ದಾಟುವ ಜಾಗ ಸುಮಾರು 18.6 ವರ್ಷಕ್ಕೊಂದು ಸುತ್ತು ಬರುತ್ತದೆ. ಯುಗಾದಿಯ ದೋಣಿ ಹೇಗೂ ಸಮ ಇರುವುದರಿಂದ ಅಷ್ಟು ಸಾಕು, ಒಂದು ವರ್ಷ ಈ ಕೋಡು, ಇನ್ನೊಂದು ವರ್ಷ ಆ ಕೋಡು.

ಹಳೆಯ ಸಂಸ್ಕೃತ ಖಗೋಳ ಗ್ರಂಥ ಸೂರ್ಯಸಿದ್ಧಾಂತದಲ್ಲಿ ಇದೇ ಲೆಕ್ಕಕ್ಕೆ 'ಶೃಂಗೋನ್ನತಿ' ಎಂಬ ಹೆಸರಿದೆ. ಶೃಂಗ ಎಂದರೆ ಕೋಡು, ಉನ್ನತಿ ಎಂದರೆ ಎತ್ತರ. ಅಜ್ಜನ ಮಾತೂ ಅದೇ ಅಲ್ವಾ? ಹಾಗಿದ್ದರೆ 'ಕೋಡೆತ್ತರ' ಎಂದು ಬರೆದರೆ ತಪ್ಪೇ?

ಇನ್ನೊಂದು ತಕರಾರು 'ಕಲೆ'ಯದು. ಚಂದ್ರ ದಿನದಿನಕ್ಕೆ ಆಕಾರ ಬದಲಿಸುವುದನ್ನು ಪುಸ್ತಕಗಳು 'ಚಂದ್ರನ ಕಲೆಗಳು' ಅನ್ನುತ್ತವೆ. ಹದಿನಾರರಲ್ಲಿ ಒಂದು ಪಾಲು ಎಂಬ ಹಳೆಯ ಅರ್ಥ ಅದಕ್ಕಿದೆ. ನನ್ನ ಮಗಳಿಗೆ ಕಲೆ ಎಂದರೆ ಅಂಗಿಗೆ ಹತ್ತಿದ ಗೇರುಹಣ್ಣಿನ ಕಲೆ. ಚಂದ್ರನ ಮೈಮೇಲೆ ಕಪ್ಪು ಕಲೆ ಬೇರೆ ಇವೆ, ಅವನ್ನೇ ತೋರಿಸಿದಳು. ತಪ್ಪು ಅವಳದಲ್ಲ.

ಮನೆಮಾತಿನಲ್ಲಿ ನಾವು ಆಕಾರದ ಹೆಸರು ಹೇಳುವುದೇ ಇಲ್ಲ, ದಿನದ ಹೆಸರು ಹೇಳುತ್ತೇವೆ. ಬಿದಿಗೆ ಚಂದ್ರ ಅಂದರೆ ಗೆರೆ, ಅಷ್ಟಮಿ ಚಂದ್ರ ಅಂದರೆ ಅರ್ಧ. ಅರ್ಧ ದಾಟಿ ಹುಣ್ಣಿಮೆ ಮುಟ್ಟದ ಚಂದ್ರನಿಗೆ ಮಾತ್ರ ನನಗೆ ಹೆಸರು ಸಿಗಲಿಲ್ಲ. 'ಉಬ್ಬು ಚಂದ್ರ' ಅನ್ನಬಹುದೇನೋ. ಎಳೆ ಚಂದ್ರನಿಗೆ ಹಳಗನ್ನಡದಲ್ಲಿ 'ಪೆಱೆ' ಎಂಬ ಚೆಂದದ ಪದವಿತ್ತು, ತಮಿಳಿನ 'ಪಿಱೈ'ಗೆ ನಂಟು. ಹೊಸಗನ್ನಡಕ್ಕೆ ತಂದರೆ 'ಹೆರೆ' ಆಗುತ್ತದೆ. ಆದರೆ ಹೆರೆ ಅಂದ ಕೂಡಲೇ ತೆಂಗಿನಕಾಯಿ ಹೆರೆಯುವುದೇ ನೆನಪಾಗುತ್ತದೆ!

ಅಂಕೋಲಾ, ಕುಮಟಾ, ಹೊನ್ನಾವರದ ಕಡೆಯವರು, ಮುಖ್ಯವಾಗಿ ಕಡಲಿಗೆ ಹೋಗುವ ಮನೆಯವರು, ಹೀಗೆ ಮಲಗಿದ ಚಂದ್ರನಿಗೆ ಏನನ್ನುತ್ತೀರಿ? ಕೋಡು ಎಂಬ ಮಾತು ನಿಮ್ಮಲ್ಲೂ ಇದೆಯೇ, ಇಲ್ಲಾ ಅದು ಬರೀ ಘಟ್ಟದ ಮೇಲಿನದೇ?