ರಿಟೈರ್ ಆದ ಮೇಲೆ ಮನೆ, ಆರ್‌ವಿ ಎರಡರದೂ ರಿಪೇರಿ: ಯಾವುದನ್ನು ಬಿಟ್ಟರೂ ನಡೆಯುತ್ತೆ, ಯಾವುದನ್ನು ಬಿಡಬಾರದು?

ಗಾಲಿಮನೆ:

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಹೆಂಡತಿ ಇಬ್ಬರೂ ರಿಟೈರ್ ಆಗಿದ್ದೇವೆ. ತುಂಬ ದಿನದ ಆಸೆ ಅಂತ ಒಂದು ಸೆಕೆಂಡ್ ಹ್ಯಾಂಡ್ ಆರ್‌ವಿ, ಅಂದರೆ ಒಳಗೇ ಮಲಗಿ ವಾಸ ಮಾಡಬಹುದಾದ ಮನೆಯಂಥ ಗಾಡಿ, ಕೊಂಡೆವು. ವರ್ಷದಲ್ಲಿ ಕೆಲವು ತಿಂಗಳು ಅದರಲ್ಲೇ ಸುತ್ತಾಟ, ಉಳಿದ ದಿನ ಮನೆ. ಸುತ್ತಾಟ ನಿಜಕ್ಕೂ ಖುಷಿ ಕೊಟ್ಟಿದೆ, ಆ ಬಗ್ಗೆ ಎರಡು ಮಾತಿಲ್ಲ.

ಕಷ್ಟ ಇರುವುದು ಬೇರೆ ಕಡೆ. ಕೆಲಸ ಮುಗಿಯುತ್ತಲೇ ಇಲ್ಲ. ಮನೆಗೆ ಬಂದರೆ ನಲ್ಲಿ ತೊಟ್ಟಿಕ್ಕುತ್ತಿರುತ್ತದೆ, ಮಳೆನೀರಿನ ದೋಣಿಯಲ್ಲಿ ಎಲೆ ತುಂಬಿ ನೀರೆಲ್ಲ ಗೋಡೆ ಮೇಲೆ ಇಳಿದಿರುತ್ತದೆ, ಬಚ್ಚಲಿನಿಂದ ಕೆಟ್ಟ ವಾಸನೆ. ಅದನ್ನೆಲ್ಲ ಮುಗಿಸಿ ಗಾಡಿ ಹತ್ತಿರ ಹೋದರೆ ಬ್ಯಾಟರಿ ಇಳಿದಿರುತ್ತದೆ, ಛಾವಣಿ ಅಂಚಿನ ಸೀಲೆಂಟ್ (ಸಂದು ಮುಚ್ಚುವ ಅಂಟು) ಬಿರುಕು ಬಿಟ್ಟಿರುತ್ತದೆ, ಬಾಗಿಲ ಮೆಟ್ಟಿಲು ಮಡಚಿಕೊಳ್ಳುವುದಿಲ್ಲ. ಕೆಲಸಕ್ಕೆ ಹೋಗುತ್ತಿದ್ದಾಗ ಎಲ್ಲವನ್ನೂ ಭಾನುವಾರಕ್ಕೆ ಎತ್ತಿಡುತ್ತಿದ್ದೆ. ಈಗ ವಾರದ ಏಳೂ ದಿನ ಭಾನುವಾರ, ಹಾಗಾಗಿ ಏಳೂ ದಿನ ರಿಪೇರಿ. "ಸುತ್ತೋಕೆ ಅಂತ ಗಾಡಿ ತಗೊಂಡ್ವಿ, ನೀವು ನೋಡಿದ್ರೆ ಅದರ ಕೆಳಗೇ ಮಲಗಿರ್ತೀರಿ" ಅಂತ ಹೆಂಡತಿ ಹೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ.

ಕೈಕೆಲಸ ನನಗೆ ಇಷ್ಟವೇ, ಅದರಲ್ಲಿ ಬೇಜಾರಿಲ್ಲ. ಆದರೆ ಯಾವ ಕೆಲಸ ಬಿಟ್ಟರೆ ನಿಜವಾಗಿ ನಷ್ಟ, ಯಾವುದನ್ನು ಮುಂದೆ ಹಾಕಿದರೂ ಪರವಾಗಿಲ್ಲ ಅನ್ನುವುದನ್ನು ಬಲ್ಲವರು ಹೇಳಿದರೆ ಅರ್ಧ ಭಾರ ಇಳಿಯುತ್ತದೆ. ಇನ್ನೊಂದು, ತಿಂಗಳುಗಟ್ಟಲೆ ಮನೆಗೆ ಬೀಗ ಹಾಕಿ ಹೊರಡುವಾಗ ನೀವೆಲ್ಲ ಏನೇನು ಮಾಡುತ್ತೀರಿ? ಹಾಗೇ, ನಮ್ಮ ಗಾಡಿಯ ಟೈರ್ ನೋಡಲು ಚೆನ್ನಾಗಿದೆ, ಸವೆದೇ ಇಲ್ಲ, ಆದರೂ ಹಳೆಯದಾಗಿದೆ ಬದಲಾಯಿಸಿ ಅಂತ ಮೆಕ್ಯಾನಿಕ್ ಹೇಳುತ್ತಿದ್ದಾರೆ. ಇದು ನಿಜಾನಾ?

ಹಳೇಸ್ಪ್ಯಾನರ್:

ಸರ್, ನನ್ನ ಅನುಭವದಲ್ಲಿ ಮನೆಯಾಗಲಿ ಗಾಡಿಯಾಗಲಿ ಹಾಳಾಗುವುದು ಜಾಸ್ತಿ ನೀರಿನಿಂದಲೇ. ಮೆಟ್ಟಿಲು ಮಡಚದಿದ್ದರೆ ಕೈಯಲ್ಲಿ ತಳ್ಳಿದರಾಯಿತು, ಕಪಾಟಿನ ಬಾಗಿಲು ಜೋತುಬಿದ್ದರೆ ಒಂದು ವರ್ಷ ಹಾಗೇ ಇದ್ದರೂ ಏನೂ ಆಗುವುದಿಲ್ಲ. ಆದರೆ ಛಾವಣಿಯ ಒಂದು ಕೂದಲೆಳೆ ಬಿರುಕು ಒಂದೇ ಮಳೆಗಾಲದಲ್ಲಿ ಗೋಡೆಯೊಳಗಿನ ಪ್ಲೈವುಡ್ಡನ್ನು ಕೊಳೆಸುತ್ತದೆ, ಅದೂ ನಿಮ್ಮ ಕಣ್ಣಿಗೆ ಬೀಳದ ಹಾಗೆ. ಅದಕ್ಕೇ ಬಿರುಕು ಬಿಟ್ಟ ಸೀಲೆಂಟ್ ಕೆಲಸವನ್ನು ಮಾತ್ರ ಮುಂದೆ ಹಾಕಬೇಡಿ.

ಮೂರು ತಿಂಗಳಿಗೊಮ್ಮೆ ಛಾವಣಿ ನೋಡಿ. ಬಟಾಬಯಲಿನಂಥ ನಡುಭಾಗದಲ್ಲಿ ತೊಂದರೆ ಕಡಿಮೆ. ಗಾಳಿಕಿಂಡಿ, ಏಸಿ, ಆಂಟೆನಾ, ಸೋಲಾರ್ ಪ್ಯಾನೆಲ್ಲಿನ ಕಾಲು, ಮೂಲೆ ಪಟ್ಟಿ, ಹೀಗೆ ಎಲ್ಲೆಲ್ಲಿ ಸ್ಕ್ರೂ ಇದೆಯೋ ಎಲ್ಲೆಲ್ಲಿ ತೂತು ಕೊರೆದಿದ್ದಾರೋ ಅಲ್ಲೇ ನೋಡಬೇಕು. ಸೀಲೆಂಟನ್ನು ಹೆಬ್ಬೆರಳಿನಿಂದ ಒತ್ತಿ. ಮೆತ್ತಗಿದ್ದು ವಾಪಸ್ ಬಂದರೆ ಚೆನ್ನಾಗಿದೆ. ಗಟ್ಟಿಯಾಗಿ ಅಂಚು ಎದ್ದಿದ್ದರೆ, ಅಲ್ಲಿ ನೀರು ಹೋಗುತ್ತದೆ. ಎದ್ದ ಭಾಗವನ್ನಷ್ಟೇ ಪ್ಲಾಸ್ಟಿಕ್ ಕೆರೆಪಟ್ಟಿಯಲ್ಲಿ ತೆಗೆದು, ಒರೆಸಿ, ಒಣಗಿಸಿ, ಹೊಸದು ಹಾಕಿ. ಸಮತಟ್ಟು ಜಾಗಕ್ಕೆ ತಾನೇ ಹರಡಿಕೊಳ್ಳುವ ಸೀಲೆಂಟ್, ಗೋಡೆಯಂಥ ನೇರ ಜಾಗಕ್ಕೆ ಕೆಳಗೆ ಜಾರದ್ದು. ಇವೆರಡೂ ಬೇರೆ ಬೇರೆ, ಡಬ್ಬಿ ಮೇಲೆ ಬರೆದಿರುತ್ತದೆ.

ಒಂದು ಮಾತು ಒತ್ತಿ ಹೇಳುತ್ತೇನೆ. ಕೈಗೆ ಸಿಕ್ಕಿತು ಅಂತ ಮಾಮೂಲಿ ಸಿಲಿಕೋನ್ ಬಳಿಯಬೇಡಿ. ಅದು ಬಿಟ್ಟಮೇಲೆ ಅದರ ಮೇಲೆ ಇನ್ಯಾವುದೂ ಅಂಟುವುದಿಲ್ಲ, ಕೊನೆಗೆ ಕೆರೆದು ಕೆರೆದು ತೆಗೆಯುವುದೇ ದೊಡ್ಡ ಕೆಲಸ. ಛಾವಣಿ ಇಪಿಡಿಎಂ ಅನ್ನುವ ಬಗೆಯ ರಬ್ಬರಿನದಾದರೆ ಪೆಟ್ರೋಲಿಯಂ ಬೆರೆತ ಕ್ಲೀನರ್ ಮುಟ್ಟಿಸಬೇಡಿ, ರಬ್ಬರ್ ಊದಿಕೊಳ್ಳುತ್ತದೆ.

ಇನ್ನು ಒಳಗಡೆ. ಕಪಾಟುಗಳ ಮೇಲಿನ ಮೂಲೆ, ಕಿಟಕಿಯ ಕೆಳಗಿನ ಅಂಚು, ಹಾಸಿಗೆಯ ತಲೆಭಾಗ, ಇಲ್ಲೆಲ್ಲ ಬೆರಳಿಟ್ಟು ಒತ್ತಿ ನೋಡಿ. ಎಲ್ಲಾದರೂ ಗೋಡೆ ಮೆದುವಾಗಿ ಒಳಕ್ಕೆ ಹೋದರೆ, ಕಂದು ಕಲೆ ಕಂಡರೆ, ನೀರು ಬಂದಾಗಿದೆ ಅಂತ. ಕಲೆ ಇರುವ ಜಾಗದ ನೇರ ಮೇಲೆಯೇ ತೂತು ಇರುತ್ತದೆ ಅಂದುಕೊಳ್ಳಬೇಡಿ. ನೀರು ಎಲ್ಲೋ ಒಳಗೆ ಹೋಗಿ, ಚೌಕಟ್ಟಿನ ಮೇಲೇ ಹರಿದು, ಇನ್ನೆಲ್ಲೋ ತೊಟ್ಟಿಕ್ಕುತ್ತದೆ. ಮಳೆ ನಿಂತ ಮಾರನೇ ದಿನ ಟಾರ್ಚನ್ನು ಗೋಡೆಗೆ ಅಡ್ಡಲಾಗಿ ಹಿಡಿದು ನೋಡಿದರೆ ಉಬ್ಬು ಚೆನ್ನಾಗಿ ಕಾಣುತ್ತದೆ.

ಮನೆಗೂ ಇದೇ ಲೆಕ್ಕ. ಮಳೆನೀರಿನ ದೋಣಿ ಮೊದಲು, ಬಣ್ಣ ಆಮೇಲೆ.

ಕಿಟಕಿಸೀಟು:

ನಮ್ಮಲ್ಲಿ ಮನೆ ಜವಾಬ್ದಾರಿ ನನ್ನದು, ಗಾಡಿ ನಮ್ಮ ಯಜಮಾನರದು. ಬೀಗ ಹಾಕುವ ವಿಷಯ ನಾನು ಹೇಳುತ್ತೇನೆ.

ಮೊದಲು ನೀರಿನ ಮೇನ್ ವಾಲ್ವ್ ಬಂದ್. ಆಮೇಲೆ ಒಂದೆರಡು ನಲ್ಲಿ ತೆರೆದು ಪೈಪಿನಲ್ಲಿರುವ ಒತ್ತಡ ಇಳಿಸಬೇಕು. ನೀರು ಬಂದ್ ಮಾಡುವಾಗ ಗೀಸರ್ ಕೂಡ ಆಫ್ ಆಗಿರಲಿ. ವಾಷಿಂಗ್ ಮಷಿನ್‌ಗೆ ಬರುವ ರಬ್ಬರ್ ಪೈಪನ್ನು ಯಾರೂ ನೋಡುವುದಿಲ್ಲ, ಆದರೆ ಯಾವಾಗಲೂ ಒತ್ತಡ ಹೊತ್ತು ನಿಂತಿರುವುದು ಅದೇ. ಅದು ಒಡೆದರೆ ಖಾಲಿ ಮನೆಯಲ್ಲಿ ವಾರಗಟ್ಟಲೆ ನೀರು ಹರಿಯುತ್ತದೆ. ಊದಿದ್ದರೆ, ತುದಿಯಲ್ಲಿ ಬಿರುಕಿದ್ದರೆ ಹೊರಡುವ ಮುಂಚೆಯೇ ಬದಲಾಯಿಸಿ. ವಿಪರೀತ ಚಳಿ ಬೀಳುವ ಕಡೆ ಇದ್ದರೆ ವಾಲ್ವ್ ಬಂದ್ ಮಾಡಿದರೆ ಸಾಲದು, ಪೈಪಿನ ನೀರನ್ನೂ ಪೂರ್ತಿ ಬಸಿಯಬೇಕು. ನೀರು ಹೆಪ್ಪುಗಟ್ಟುವಾಗ ಶೇ. 9ರಷ್ಟು ಹಿಗ್ಗುತ್ತದೆ, ಅದಕ್ಕೆ ತಾಮ್ರದ ಪೈಪೂ ಸೀಳುತ್ತದೆ.

ನೀವು ಹೇಳಿದ ಬಚ್ಚಲ ವಾಸನೆಗೆ ಕಾರಣ ಸುಲಭ. ಬಚ್ಚಲಿನ ಜಾಲರಿ ಕೆಳಗೆ ಬಾಗಿದ ಪೈಪಿನಲ್ಲಿ ಒಂದಿಷ್ಟು ನೀರು ಸದಾ ನಿಂತಿರುತ್ತದೆ, ಚರಂಡಿ ಗಾಳಿ ಮೇಲೆ ಬರದಂತೆ ತಡೆಯುವುದು ಅದೇ. ಯಾರೂ ಬಳಸದೆ ಇದ್ದಾಗ ಆ ನೀರು ಆರಿಹೋಗುತ್ತದೆ. ಹೊರಡುವ ದಿನ ಎಲ್ಲ ಜಾಲರಿಗೂ, ಸಿಂಕಿಗೂ ಒಂದೊಂದು ಚೊಂಬು ನೀರು ಹಾಕಿ, ಮೇಲೆ ಎರಡು ಚಮಚ ಎಣ್ಣೆ ಬಿಡಿ. ಎಣ್ಣೆ ತೇಲಿಕೊಂಡು ನೀರು ಬೇಗ ಆರದಂತೆ ನೋಡಿಕೊಳ್ಳುತ್ತದೆ. ಗಾಡಿಯ ಸಿಂಕಿಗೂ ಇದೇ ನಡೆಯುತ್ತದೆ.

ಫ್ರಿಜ್ ಆಫ್ ಮಾಡುವುದಾದರೆ ಒರೆಸಿ, ಬಾಗಿಲಿಗೆ ಒಂದು ಟವಲ್ ಸಿಕ್ಕಿಸಿ ತೆರೆದಿಡಿ, ಮುಚ್ಚಿಟ್ಟರೆ ಬೂಸಲು ಬಂದು ವಾಸನೆ ತಿಂಗಳಾದರೂ ಹೋಗುವುದಿಲ್ಲ. ಇನ್ಶೂರೆನ್ಸ್ ಕಾಗದ ಒಮ್ಮೆ ಓದಿ. ಮನೆ ಇಷ್ಟು ದಿನಕ್ಕಿಂತ ಜಾಸ್ತಿ ಖಾಲಿ ಇದ್ದರೆ ಕೆಲವು ನಷ್ಟಕ್ಕೆ ಹಣ ಕೊಡುವುದಿಲ್ಲ ಅಂತ ತುಂಬ ಪಾಲಿಸಿಗಳಲ್ಲಿ ಇರುತ್ತದೆ. ನಂಬಿಕಸ್ಥರೊಬ್ಬರಿಗೆ ಕೀ ಕೊಟ್ಟು ಆಗಾಗ ಒಳಗೆ ಹೋಗಿ ನೋಡಿ ಬರಲು ಹೇಳುವುದು ಅದಕ್ಕೂ ಒಳ್ಳೆಯದು, ನಿಮ್ಮ ನೆಮ್ಮದಿಗೂ ಒಳ್ಳೆಯದು.

ಇನ್ನೊಂದು ವಿಷಯ ಹೇಳಲೇಬೇಕು. ನಿಮ್ಮ ಮನೆಯವರ ಮಾತು ಸರಿಯಾಗಿದೆ. ನಮ್ಮಲ್ಲಿ ಒಂದು ಕಟ್ಟುಪಾಡು ಮಾಡಿಕೊಂಡಿದ್ದೇವೆ. ರಿಪೇರಿ ಮಧ್ಯಾಹ್ನದವರೆಗೆ ಮಾತ್ರ. ಆಮೇಲೆ ಟೂಲ್ ಡಬ್ಬಿ ಮುಚ್ಚಿತು ಅಂದರೆ ಮುಚ್ಚಿತು, ಕೆಲಸ ಅರ್ಧ ಆಗಿದ್ದರೂ ಸರಿ. ಮಾಡಬೇಕಾದ್ದೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇವೆ. ಬರೆದ ಮೇಲೆ ಅದು ತಲೆಯಲ್ಲಿ ಕೊರೆಯುವುದು ನಿಲ್ಲುತ್ತದೆ. ಎಷ್ಟೋ ಕೆಲಸ ಎರಡು ವಾರ ಬಿಟ್ಟು ಓದಿದರೆ, ಅಯ್ಯೋ ಇದು ಬೇಕೇ ಇರಲಿಲ್ಲ ಅನ್ನಿಸುತ್ತದೆ. ಜೊತೆಯಲ್ಲಿ ಕೂತು ಮಾತಾಡುವ ಹೊತ್ತು ಸಿಗಲಿ ಅಂತಲ್ವಾ ಇಷ್ಟು ವರ್ಷ ದುಡಿದದ್ದು.

ನಿಧಾನಸವಾರಿ:

ಹಳೇಸ್ಪ್ಯಾನರ್ ಅವರ ಮಾತು ಒಪ್ಪುತ್ತೇನೆ, ಆದರೆ ನೀರಿಗೂ ಮುಂಚೆ ಟೈರ್ ಮತ್ತು ಗ್ಯಾಸ್ ಬರಬೇಕು. ನೀರು ಸೋರಿದರೆ ಗಾಡಿ ಹಾಳಾಗುತ್ತದೆ. ಮುಂದಿನ ಟೈರ್ ವೇಗದಲ್ಲಿ ಸಿಡಿದರೆ ಜೀವಕ್ಕೇ ಬರುತ್ತದೆ.

ಗಾಲಿಮನೆ ಸರ್, ನಿಮ್ಮ ಮೆಕ್ಯಾನಿಕ್ ಹೇಳಿದ್ದು ನಿಜ. ಆರ್‌ವಿ ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ. ಅದಕ್ಕೇ ಟೈರ್ ಸವೆಯುವ ಮುಂಚೆಯೇ ವಯಸ್ಸಾಗುತ್ತದೆ. ಬಿಸಿಲಿಗೆ ರಬ್ಬರ್ ಒಣಗಿ ಪಕ್ಕದ ಗೋಡೆಯಲ್ಲಿ ಸಣ್ಣ ಸಣ್ಣ ಬಿರುಕು ಬೀಳುತ್ತದೆ, ಒಳಗಿನ ಪದರಗಳ ಹಿಡಿತ ಹೋಗುತ್ತದೆ. ಟೈರಿನ ಪಕ್ಕದಲ್ಲಿ DOT ಅನ್ನುವ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಸಾಲು ಹುಡುಕಿ. ಅದರ ಕೊನೆಯ ನಾಲ್ಕು ಅಂಕಿ ನೋಡಿ. 2319 ಅಂತ ಇದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ನಾಲ್ಕು ಅಂಕಿ ಕಾಣದೆ ಇದ್ದರೆ ಅದು ಟೈರಿನ ಒಳಮುಖದಲ್ಲಿರಬಹುದು, ಕೆಳಗೆ ಬಗ್ಗಿ ಟಾರ್ಚ್ ಬಿಟ್ಟು ನೋಡಬೇಕು. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಬಲ್ಲವರಿಗೆ ತೋರಿಸಿ. ಹತ್ತು ವರ್ಷ ಆಗಿದ್ದರೆ ಟೈರಿನ ಮೇಲಿನ ಗೆರೆ ಎಷ್ಟೇ ಆಳ ಇರಲಿ, ಬದಲಾಯಿಸಿ. ನಾನಾದರೆ ಅಲ್ಲಿಯವರೆಗೂ ಕಾಯುವುದಿಲ್ಲ. ಸ್ಪೇರ್ ಟೈರಿನದೂ ನೋಡಿ, ಅದು ಗಾಡಿಯಷ್ಟೇ ಹಳೆಯದಿರುತ್ತದೆ.

ಗಾಳಿ ನೋಡುವುದು ಟೈರ್ ತಣ್ಣಗಿದ್ದಾಗ, ಅಂದರೆ ಬೆಳಿಗ್ಗೆ ಹೊರಡುವ ಮುಂಚೆ. ಓಡಿಸಿ ನಿಲ್ಲಿಸಿದ ಕೂಡಲೇ ನೋಡಿದರೆ ಜಾಸ್ತಿ ತೋರಿಸುತ್ತದೆ, ಅದನ್ನು ನಂಬಿ ಗಾಳಿ ಬಿಟ್ಟರೆ ಅಪಾಯ. ಒಂದು ಸಲ ಸಾಮಾನು, ನೀರು ಎಲ್ಲ ತುಂಬಿಕೊಂಡು ವೇಬ್ರಿಡ್ಜ್ ಮೇಲೆ ಹತ್ತಿಸಿ ಪ್ರತಿ ಆಕ್ಸಲ್ಲಿನ ತೂಕ ತೆಗೆಸಿ, ಅಗತ್ಯಕ್ಕಿಂತ ಭಾರ ಹೊತ್ತು ತಿರುಗುವವರೇ ಜಾಸ್ತಿ. ಚಕ್ರ ಬಿಚ್ಚಿ ಹಾಕಿಸಿದ್ದರೆ 80ರಿಂದ 160 ಕಿಲೋಮೀಟರ್ ಓಡಿದ ಮೇಲೆ ಟಾರ್ಕ್ ರೆಂಚ್‌ನಲ್ಲಿ (ಎಷ್ಟು ಬಿಗಿ ಅಂತ ಅಳೆಯುವ ಸ್ಪ್ಯಾನರ್) ನಟ್ಟುಗಳನ್ನು ಮತ್ತೆ ಬಿಗಿ ಮಾಡಿ.

ಗ್ಯಾಸ್ ವಿಷಯ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲೇ ತುಂಬಿಕೊಳ್ಳುತ್ತದೆ. ಗ್ಯಾಸ್ ಡಿಟೆಕ್ಟರ್ ನೆಲದ ಹತ್ತಿರ ಇರುವುದು ಅದಕ್ಕೇ. ಅದರ ಮುಂದೆ ಚಪ್ಪಲಿ, ಚೀಲ ಇಡಬೇಡಿ. ಈ ಡಿಟೆಕ್ಟರಿಗೂ ಆಯಸ್ಸು ಇದೆ, ಸಾಮಾನ್ಯವಾಗಿ ಐದರಿಂದ ಏಳು ವರ್ಷ. ಹಿಂಭಾಗದಲ್ಲಿ ತಾರೀಕು ಇರುತ್ತದೆ. ಬಟನ್ ಒತ್ತಿದಾಗ ಕೂಗಿತು ಅಂತ ಸುಮ್ನೆ ನಂಬಬೇಡಿ, ಒಳಗಿನ ಸೆನ್ಸರ್ ಮುಗಿದಿದ್ದರೂ ಅದು ಕೂಗಬಹುದು. ಪೈಪಿನ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ನೋಡಿ. ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿಗೆ ವಾಸನೆಯೇ ಇಲ್ಲ, ಹೀಟರ್ ಹಾಕಿಕೊಂಡು ಮಲಗುವವರು ಅದರ ಡಿಟೆಕ್ಟರ್ ಇಲ್ಲದೆ ಒಂದು ರಾತ್ರಿಯೂ ಮಲಗಬಾರದು.

ಜನರೇಟರ್ ಇದ್ದರೆ ತಿಂಗಳಿಗೊಮ್ಮೆ ಲೋಡ್ ಹಾಕಿಯೇ, ಅಂದರೆ ಏಸಿಯಂಥದ್ದೇನಾದರೂ ಆನ್ ಮಾಡಿಯೇ, ಓಡಿಸಿ. ಪೆಟ್ರೋಲ್ ಹಳೆಯದಾಗಿ ಕಾರ್ಬ್ಯುರೇಟರಿನಲ್ಲಿ ಅಂಟಾಗಿಬಿಟ್ಟರೆ ಮತ್ತೆ ಬಿಚ್ಚಿ ತೊಳೆಯಬೇಕು.

ಗಾಲಿಮನೆ:

ಎಲ್ಲರಿಗೂ ತುಂಬ ಧನ್ಯವಾದ. ಟೈರ್ ನೋಡಿದೆ, ಹತ್ತು ವರ್ಷ ಆಗುತ್ತಾ ಬಂದಿದೆ. ಬದಲಾಯಿಸಲು ಹೇಳಿಬಿಟ್ಟೆ. ಮಧ್ಯಾಹ್ನದ ಕಟ್ಟುಪಾಡು ಹೆಂಡತಿಗೆ ಓದಿ ಹೇಳಿದೆ, ಅವಳು ಆಗಲೇ ನೋಟ್‌ಬುಕ್ ತೆಗೆದಿಟ್ಟಿದ್ದಾಳೆ.

ಎರಡು ಸಂಶಯ ಉಳಿದಿದೆ. ಛಾವಣಿ ನೋಡಲು ಮೇಲೆ ಹತ್ತಲೇಬೇಕಾ? ಈಚೆಗೆ ಮಂಡಿ ನೋವು, ಹೆಂಡತಿಗೆ ನಾನು ಏಣಿ ಮುಟ್ಟಿದರೇ ಗಾಬರಿ. ಎರಡನೆಯದು, ಬ್ಯಾಟರಿ ಯಾಕೆ ಪದೇ ಪದೇ ಇಳಿಯುತ್ತದೆ? ನಿಲ್ಲಿಸುವಾಗ ದೀಪ, ಫ್ಯಾನು ಎಲ್ಲ ಆಫ್ ಮಾಡಿಯೇ ಬರುತ್ತೇನೆ. ಮಾಮೂಲಿ ನೀರು ಹಾಕುವ ಬ್ಯಾಟರಿ ನಮ್ಮದು.

ಕಿಟಕಿಸೀಟು:

ಏಣಿ ವಿಷಯದಲ್ಲಿ ದಯವಿಟ್ಟು ಹಟ ಮಾಡಬೇಡಿ ಸರ್. ನಮ್ಮ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಎದ್ದು ಓಡಾಡಲು ತಿಂಗಳುಗಳೇ ಬೇಕು, ಎಷ್ಟೋ ಜನ ಮೊದಲಿನಂತೆ ಆಗುವುದೇ ಇಲ್ಲ. ಉದ್ದ ಕೋಲಿಗೆ ಮೊಬೈಲ್ ಕಟ್ಟಿ ವಿಡಿಯೋ ತೆಗೆಯಿರಿ. ಕೆಳಗೆ ಕೂತು ದೊಡ್ಡದು ಮಾಡಿ ನೋಡಿದರೆ ಮೂಲೆ ಮೂಲೆಯೂ ಕಾಣುತ್ತದೆ. ಬಿರುಕು ಕಂಡರೆ ಕೆಲಸ ಗೊತ್ತಿರುವವರನ್ನು ಕರೆಸಿ. ನೆಲದ ಮೇಲೆ ನಿಂತು ಮಾಡುವ ಕೆಲಸ ಬೇಕಾದಷ್ಟಿದೆ, ಅದನ್ನು ನೀವು ಮಾಡಿ.

ಹಳೇಸ್ಪ್ಯಾನರ್:

ಮೇಡಂ ಹೇಳಿದ್ದೇ ಸರಿ. ನಾನು ಹೆಬ್ಬೆರಳಿನಿಂದ ಒತ್ತಿ ನೋಡಿ ಅಂದದ್ದು ಹತ್ತಲು ಆಗುವವರಿಗೆ. ಹತ್ತುವವರೂ ಏಣಿಯನ್ನು ನಾಲ್ಕಡಿ ಎತ್ತರಕ್ಕೆ ಒಂದಡಿ ದೂರದ ಲೆಕ್ಕದಲ್ಲಿ ಒರಗಿಸಿ, ಕೆಳಗೆ ಒಬ್ಬರನ್ನು ನಿಲ್ಲಿಸಿಕೊಂಡೇ ಹತ್ತಬೇಕು. ಒದ್ದೆ ಛಾವಣಿ ಮೇಲೆ ಕಾಲಿಡಲೇಬಾರದು.

ಬ್ಯಾಟರಿ ಇಳಿಯುವುದು ದೀಪದಿಂದ ಅಲ್ಲ. ಗ್ಯಾಸ್ ಡಿಟೆಕ್ಟರ್, ರೇಡಿಯೋದ ಗಡಿಯಾರ, ಫ್ರಿಜ್ಜಿನ ಕಂಟ್ರೋಲ್ ಬೋರ್ಡ್, ಇವೆಲ್ಲ ಹಗಲೂ ರಾತ್ರಿ ಸ್ವಲ್ಪ ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತವೆ. ಗಾಡಿ ಸುಮ್ನೆ ನಿಂತಿರುವ ದಿನಗಳಲ್ಲಿ ಒಳಗೆ ಯಾರೂ ಮಲಗುವುದಿಲ್ಲ ಅಂದರೆ, ಗ್ಯಾಸ್ ಸಿಲಿಂಡರ್ ಬಂದ್ ಮಾಡಿ, ಬ್ಯಾಟರಿಯ ಡಿಸ್ಕನೆಕ್ಟ್ ಸ್ವಿಚ್ ಆಫ್ ಮಾಡಿಡಿ. ಸ್ವಿಚ್ ಇಲ್ಲದಿದ್ದರೆ ನೆಗೆಟಿವ್ ತಂತಿ ಬಿಚ್ಚಿಡಿ.

ವೋಲ್ಟ್ ಅಳೆಯಲು ಒಂದು ಮಲ್ಟಿಮೀಟರ್ ಇಟ್ಟುಕೊಳ್ಳಿ. ಚಾರ್ಜರ್ ತೆಗೆದು ಕೆಲವು ಗಂಟೆ ಬಿಟ್ಟು ನೋಡಿದಾಗ 12.6 ವೋಲ್ಟ್ ಇದ್ದರೆ ತುಂಬಿದೆ ಅಂತ. 12.1ರ ಹತ್ತಿರ ಬಂದರೆ ಅರ್ಧ ಖಾಲಿ. ನಿಲ್ಲಿಸಿದ ಗಾಡಿಯಲ್ಲಿ 12.4ಕ್ಕೆ ಇಳಿದ ಕೂಡಲೇ ಚಾರ್ಜ್ ಹಾಕಿ. ಇಳಿದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಒಳಗಿನ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಿಡಿಯುವುದಿಲ್ಲ. ನಿಮ್ಮದು ಅಷ್ಟು ಸಲ ಪೂರ್ತಿ ಇಳಿದಿದೆ ಅಂದರೆ ಅಂಗಡಿಯಲ್ಲಿ ಲೋಡ್ ಟೆಸ್ಟ್ ಮಾಡಿಸಿಬಿಡಿ.

ನೀರು ಹಾಕುವುದು ಪೂರ್ತಿ ಚಾರ್ಜ್ ಆದ ಮೇಲೆ. ಚಾರ್ಜ್ ಆಗುವಾಗ ಮಟ್ಟ ಏರುತ್ತದೆ, ಮೊದಲೇ ತುಂಬಿಸಿದ್ದರೆ ಆಸಿಡ್ ಹೊರಗೆ ಉಕ್ಕುತ್ತದೆ. ಪ್ಲೇಟ್ ಕಾಣುವಷ್ಟು ನೀರು ಆರಿದ್ದರೆ ಮಾತ್ರ ಮೊದಲು ಪ್ಲೇಟ್ ಮುಳುಗುವಷ್ಟು ಹಾಕಿ, ಉಳಿದದ್ದು ಆಮೇಲೆ. ಡಿಸ್ಟಿಲ್ಡ್ ವಾಟರ್ ಮಾತ್ರ, ನಲ್ಲಿ ನೀರು ಬೇಡ. ಕನ್ನಡಕ, ಗ್ಲೌಸ್ ಹಾಕಿಕೊಳ್ಳಿ, ಹತ್ತಿರದಲ್ಲಿ ಬೆಂಕಿ ಇರಬಾರದು. ಮಲ್ಟಿಮೀಟರ್ ರೀಡಿಂಗ್ ಎಷ್ಟು ಬಂತು ಅಂತ ಇಲ್ಲೇ ಹಾಕಿ, ನೋಡೋಣ.