ಪದಚರ್ಚೆ: ಕುಡಿತ ಬಿಟ್ಟಾಗಿನ ತ್ರಾಸಿಗೆ ಏನನ್ನೋಣ?

ಕಲಬುರಗಿ ಸುತ್ತಲಿನ ಹಳ್ಳಿಗಳಿಗೆಂದು ಮದ್ಯವ್ಯಸನದ ಕರಪತ್ರ ಬರೆಯುತ್ತಿದ್ದೇನೆ. ‘ವಿತ್‌ಡ್ರಾವಲ್’ ಎಂಬಲ್ಲಿಗೆ ಬಂದು ಕೈ ನಿಂತಿದೆ. ಪುಸ್ತಕದಲ್ಲಿ ‘ಹಿಂತೆಗೆತದ ಲಕ್ಷಣಗಳು’ ಎಂದಿರುತ್ತದೆ. ಬ್ಯಾಂಕಿನ ಚೀಟಿಗಾದರೆ ಸರಿ, ಗಂಡನ ಕೈಕಾಲು ನಡುಗುವುದನ್ನು ನೋಡುತ್ತ ಕೂತ ಹೆಣ್ಣುಮಗಳಿಗೆ ಇದರಿಂದ ಏನು ತಿಳಿದೀತು?

ಆಕೆಗೆ ತಿಳಿಯಬೇಕಾದದ್ದು ಇದು: ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ಬಿಟ್ಟರೆ 6ರಿಂದ 24 ತಾಸಿನೊಳಗೆ ನಡುಕ, ಬೆವರು, ವಾಂತಿ, ನಿದ್ದೆಗೇಡು ಶುರುವಾಗಬಹುದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರುವುದುಂಟು. ಎರಡು-ಮೂರು ದಿನ ಕಳೆದ ಮೇಲೆ ಕೆಲವರಿಗೆ ಗೋಡೆಯ ಮೇಲೆ ಹುಳ ಹರಿದಂತೆ ಕಾಣುತ್ತದೆ, ಮನೆಯವರ ಗುರುತೇ ಹತ್ತುವುದಿಲ್ಲ. ಆಗ ಜೀವಕ್ಕೇ ಕುತ್ತು. ಇದಕ್ಕೆ ನಮ್ಮಲ್ಲಿ ತಯಾರಿರುವ ಮಾತು ‘ಗಾಳಿ ಬಡದಾದ’, ಆಮೇಲೆ ದೆವ್ವ ಬಿಡಿಸಲು ಗಾಣಗಾಪುರದ ದತ್ತನ ಗುಡಿಯ ಹಾದಿ. ‘ಶ್ರಾವಣದಾಗ ಮುಟ್ಟಂಗಿಲ್ಲ’ ಎಂದು ಆಣೆ ಮಾಡಿ ಬಿಟ್ಟವನಿಗೆ ಹೀಗಾದರಂತೂ ಬೇರೆ ಕಾರಣವನ್ನು ಯಾರೂ ಹುಡುಕುವುದಿಲ್ಲ.

ವ್ಯಸನಕ್ಕೆ ‘ಚಟ’ ಎಂಬ ಪದವೂ ನನಗೆ ಒಗ್ಗಿಲ್ಲ. ಚಹಾಕ್ಕೂ ಗುಟ್ಕಾಕ್ಕೂ ಅದೇ ಪದ, ಮೇಲೆ ಬೈಗುಳ ಬೇರೆ ಬೆರೆತಿದೆ. ‘ಅವಲಂಬನೆ’ ಬಾಯಿಗೆ ಹತ್ತುವುದಿಲ್ಲ. ಗಂಜಿನ (ಕಾಳುಕಡಿ ಮಾರುಕಟ್ಟೆಯ) ಹಮಾಲರೊಬ್ಬರು ಅಂದದ್ದು ಇವೆರಡಕ್ಕಿಂತ ಮೇಲು: ‘ಮುಂಜಾನಿ ಒಂದ್ ನೈಂಟಿ ಬೀಳಲಿಲ್ಲಂದ್ರ ಚಹಾದ ಕಪ್ ಹಿಡೀಲಿಕ್ಕ ಬರಂಗಿಲ್ರೀ.’ ಕುಡಿತ ರೋಗವಾಗಿದೆಯೇ ಎಂದು ತಿಳಿಯಲು ಡಾಕ್ಟರು ಕೇಳುವ ನಾಲ್ಕು ಪ್ರಶ್ನೆಗಳಲ್ಲಿ ಕೊನೆಯದೂ ಇದೇ: ಎದ್ದ ಕೂಡಲೇ ಕುಡಿಯಬೇಕಾಗುತ್ತದೆಯೇ?

ವಿತ್‌ಡ್ರಾವಲ್‌ಗೆ ಸದ್ಯಕ್ಕೆ ‘ಸೆರೆ ಬಿಟ್ಟ ತ್ರಾಸು’ ಎಂದು ಬರೆದಿದ್ದೇನೆ. ಸೆರೆ ಅಂದರೆ ನಮ್ಮ ಕಡೆ ಮದ್ಯ. ‘ಬಿಟ್ಟ’ ಅಂದೊಡನೆ ಕಾರಣ ಗೊತ್ತಾಗುತ್ತದೆ. (ಬೆಂಗಳೂರಿನವರು ಜೈಲಿನಿಂದ ಬಿಟ್ಟರು ಎಂದು ಓದಿಕೊಂಡಾರು, ಓದಲಿ, ಕರಪತ್ರ ಅವರಿಗಲ್ಲ.) ನನ್ನ ಅಂಜಿಕೆ ಬೇರೆ. ‘ಬಿಟ್ರ ತ್ರಾಸಂದ್ರ ಬಿಡೋದೇ ಬ್ಯಾಡ’ ಎಂದು ನೆವ ಹುಡುಕುವವರಿದ್ದಾರೆ. ಅದಕ್ಕೇ ಅದರ ಕೆಳಗೆ ‘ಬಿಡ್ರಿ, ಡಾಕ್ಟರಿಗೆ ತೋರಿಸಿ ಬಿಡ್ರಿ’ ಎಂದು ಸೇರಿಸಿದೆ. ಡಯಜೆಪಾಮ್ ಜಾತಿಯ ಗುಳಿಗೆಯನ್ನು ಕೆಲವು ದಿನ ಕೊಟ್ಟು ಹಂತಹಂತವಾಗಿ ಇಳಿಸುತ್ತಾರೆ, ಮಿದುಳಿಗೆ ಪೆಟ್ಟಾಗದಿರಲು ಥಯಮಿನ್ ಅಂದರೆ ಬಿ1 ವಿಟಮಿನ್ ಕೊಡುತ್ತಾರೆ. ಫಿಟ್ಸ್ ಬಂದರೆ, ಮಾತು ತೊದಲಿ ದಿಕ್ಕು ತಪ್ಪಿದರೆ, ತಡ ಮಾಡದೆ ದೊಡ್ಡ ದವಾಖಾನೆಗೆ. ಕೇಳಿ ತಿಳಿಯಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಇದೆ.

ಬೀದರ್, ಸುರಪುರ, ಶಹಾಪುರ ಕಡೆಯವರು ಹೇಳಬೇಕು: ನಿಮ್ಮಲ್ಲಿ ಈ ನಡುಕಕ್ಕೆ ಮನೆಮಂದಿ ಏನನ್ನುತ್ತಾರೆ? ನಿಘಂಟಿನ ಪದ ಬೇಡ. ದವಾಖಾನೆಯ ಬಾಗಿಲಲ್ಲಿ ಹೆಂಡತಿಯೋ ತಾಯಿಯೋ ಮೊದಲು ಆಡುವ ಮಾತನ್ನು ಇದ್ದ ಹಾಗೇ ಬರೆಯಿರಿ.